ಇಸಿಜಿ ನಾರ್ಮಲ್ ಅಂದರು, ಎದೆ ಹೊಡೆದುಕೊಳ್ಳುವುದು ಮಾತ್ರ ನಿಂತಿಲ್ಲ

ಪ್ರಶ್ನೆ: ಮೇಡಂ, ನನಗೆ 36 ವರ್ಷ. ಮನೆ ವಿಜಯನಗರದಲ್ಲಿ, ಆಫೀಸು ಎಂ.ಜಿ. ರಸ್ತೆಯ ಹತ್ತಿರ. ಎರಡು ವರ್ಷದಿಂದ ಆಗಾಗ ಇದ್ದಕ್ಕಿದ್ದ ಹಾಗೆ ಎದೆ ಡವಡವ ಅಂತ ಹೊಡೆದುಕೊಳ್ಳಲು ಶುರುವಾಗುತ್ತದೆ. ಬಗ್ಗಿ ಚಪ್ಪಲಿ ಹಾಕಿಕೊಳ್ಳುವಾಗ, ಮೆಟ್ರೋದಲ್ಲಿ ನಿಂತಿರುವಾಗ, ಒಮ್ಮೊಮ್ಮೆ ಸುಮ್ನೆ ಟಿವಿ ನೋಡುತ್ತಾ ಕೂತಿರುವಾಗಲೂ. ಕತ್ತಿನಲ್ಲಿ ಪಟಪಟ ಅನ್ನುತ್ತದೆ. ಹತ್ತು ನಿಮಿಷ, ಕೆಲವು ಸಲ ಅರ್ಧ ಗಂಟೆ ಇದ್ದು, ಸ್ವಿಚ್ ಆರಿಸಿದ ಹಾಗೆ ಒಮ್ಮೆಗೇ ನಿಂತುಹೋಗುತ್ತದೆ. ಆಮೇಲೆ ಮೂತ್ರಕ್ಕೆ ಓಡಾಡಿಯೇ ಸಾಕಾಗುತ್ತದೆ. ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲಾ ಸರಿಹೋಗಿರುತ್ತದೆ, ಇಸಿಜಿ ನಾರ್ಮಲ್ ಬರುತ್ತದೆ. ಒಬ್ಬರು ಗ್ಯಾಸ್ಟ್ರಿಕ್ ಅಂದರು, ಇನ್ನೊಬ್ಬರು ನಿದ್ದೆ ಮಾತ್ರೆ ಬರೆದರು. ಕಳೆದ ಸಲ ಹೋದಾಗ ಡಾಕ್ಟರು ನನ್ನನ್ನು ಬಿಟ್ಟು ನನ್ನ ಯಜಮಾನರ ಕಡೆ ತಿರುಗಿ, ‘ಮನೇಲಿ ಏನಾದ್ರೂ ಟೆನ್ಷನ್ ಇದೆಯಾ?’ ಅಂತ ಕೇಳಿದರು. ಈಗ ಮನೆಯಲ್ಲೂ ‘ಮತ್ತೆ ಶುರುವಾಯ್ತಾ ನಿಂದು’ ಅನ್ನುತ್ತಾರೆ. ನನಗೇ ನನ್ನ ಮೇಲೆ ಅನುಮಾನ ಬರುತ್ತಿದೆ. ಇದು ನಿಜವಾಗಿಯೂ ಮನಸ್ಸಿನದ್ದಾ?

ಉತ್ತರ: ನಿಮ್ಮ ಮೇಲೆ ನೀವು ಅನುಮಾನ ಪಡುವುದನ್ನು ಮೊದಲು ಬಿಡಿ. ಪತ್ರ ಓದಿ ಕಾಯಿಲೆಗೆ ಹೆಸರಿಡಲು ಆಗುವುದಿಲ್ಲ, ಆದರೆ ನೀವು ಬರೆದಿರುವುದರಲ್ಲಿ ಯಾವ ಡಾಕ್ಟರಾದರೂ ಕಿವಿ ನೆಟ್ಟಗೆ ಮಾಡಿ ಕೇಳಬೇಕಾದ ವಿಷಯಗಳಿವೆ. ತಟ್ಟನೆ ಶುರುವಾಗುತ್ತದೆ, ತಟ್ಟನೆ ನಿಲ್ಲುತ್ತದೆ. ಕತ್ತಿನಲ್ಲಿ ಬಡಿಯುತ್ತದೆ. ಆಮೇಲೆ ಪದೇ ಪದೇ ಮೂತ್ರ. ಆ ಕೊನೆಯದನ್ನು ನೀವು ಡಾಕ್ಟರ ಹತ್ತಿರ ಹೇಳಿದಿರೋ ಇಲ್ಲವೋ, ಅವರಾಗಿ ಕೇಳಿರಲಾರರು ಅನ್ನಿಸುತ್ತದೆ.

ಟೆನ್ಷನ್‌ನಿಂದ ಬರುವ ಎದೆಬಡಿತ ಸಾಮಾನ್ಯವಾಗಿ ನಿಧಾನವಾಗಿ ಏರುತ್ತದೆ, ನಿಧಾನವಾಗಿ ಇಳಿಯುತ್ತದೆ. ಒಂದೇ ಕ್ಷಣದಲ್ಲಿ ಶುರುವಾಗಿ ಒಂದೇ ಕ್ಷಣದಲ್ಲಿ ನಿಲ್ಲುವಂಥದ್ದರಲ್ಲಿ ಎಸ್‌ವಿಟಿ ಅನ್ನುವ ಹೃದಯಬಡಿತದ ತೊಂದರೆಯೊಂದಿದೆ. ಹೃದಯ ಬಡಿಯುವುದು ಅದರದ್ದೇ ವಿದ್ಯುತ್ತಿನಿಂದ ಅಲ್ವಾ, ಕೆಲವರಲ್ಲಿ ಆ ವಿದ್ಯುತ್ತು ಹರಿಯಲು ಹುಟ್ಟಿನಿಂದಲೇ ಒಂದು ದಾರಿ ಜಾಸ್ತಿ ಇರುತ್ತದೆ, ಯಾವಾಗಲೋ ಒಮ್ಮೆ ಅದು ಮುಂದೆ ಹೋಗದೆ ಅಲ್ಲಲ್ಲೇ ಸುತ್ತಲು ಶುರುಮಾಡಿದರೆ ನಾಡಿ ನಿಮಿಷಕ್ಕೆ 150, 180, ಕೆಲವೊಮ್ಮೆ 200 ದಾಟುತ್ತದೆ. ಆಗ ಹೃದಯದ ಮೇಲಿನ ಕೋಣೆಗಳು ಹಿಗ್ಗುತ್ತವೆ, ಹಿಗ್ಗಿದಾಗ ಅಲ್ಲಿಂದ ಒಂದು ಹಾರ್ಮೋನು ಹೊರಬಂದು ಕಿಡ್ನಿಗೆ ಜಾಸ್ತಿ ನೀರು ಹೊರಹಾಕಲು ಹೇಳುತ್ತದೆ. ನಿಮ್ಮ ಮೂತ್ರದ ಕಾಟಕ್ಕೆ ಇದು ಕಾರಣ ಇರಬಹುದು. ಅದನ್ನು ಹೇಳಲು ನಾಚಿಕೊಳ್ಳಬೇಡಿ.

ಇಸಿಜಿ ವಿಷಯಕ್ಕೆ ಬರೋಣ. ನಮ್ಮ ಹೃದಯ ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತದೆ. ಮಾಮೂಲಿ ಇಸಿಜಿ ಹಿಡಿಯುವುದು 10 ಸೆಕೆಂಡು, ಅಂದರೆ ಹನ್ನೆರಡೋ ಹದಿಮೂರೋ ಬಡಿತ. ಆ ಹೊತ್ತಿನಲ್ಲಿ ಹೃದಯ ಸರಿಯಾಗಿ ಬಡಿಯುತ್ತಿತ್ತು ಅಂತಷ್ಟೇ ಆ ಕಾಗದ ಹೇಳುತ್ತದೆ. ಬೆಳಿಗ್ಗೆ ಮೆಟ್ರೋದಲ್ಲಿ ಏನಾಯಿತು ಅಂತ ಅದಕ್ಕೆ ಗೊತ್ತಿಲ್ಲ. ಹಾಗಂತ ಅದು ವೇಸ್ಟ್ ಅಲ್ಲ. ಹೀಗೆ ದಾರಿ ಜಾಸ್ತಿ ಇರುವ ವುಲ್ಫ್ ಪಾರ್ಕಿನ್ಸನ್ ವೈಟ್ ಅನ್ನುವ ತೊಂದರೆಯಲ್ಲಿ ಎದೆ ಸುಮ್ಮನಿದ್ದಾಗಲೂ ಇಸಿಜಿಯಲ್ಲಿ ಗುರುತು ಕಾಣಬಹುದು. ಅದಕ್ಕೇ ಹಳೆಯ ಇಸಿಜಿಗಳನ್ನೆಲ್ಲಾ ಎತ್ತಿಡಿ, ಆ ಕಾಗದದ ಅಚ್ಚು ಕಾಲಕ್ರಮೇಣ ಮಾಸಿಹೋಗುತ್ತದೆ, ಇವತ್ತೇ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

ನಿಮ್ಮ ಹಾಗೆ ಮನೆಗೆ ವಾಪಸ್ ಕಳಿಸಿಕೊಂಡವರು ಬಹಳ ಜನ ಇದ್ದಾರೆ. 1997ರಲ್ಲಿ ಅಮೆರಿಕದಲ್ಲಿ, ಎಸ್‌ವಿಟಿ ಇದೆ ಎಂದು ಖಚಿತವಾಗಿದ್ದ 107 ರೋಗಿಗಳ ಹಿಂದಿನ ಕಥೆಯನ್ನು ಕೆದಕಿ ನೋಡಿದ ಒಂದು ಅಧ್ಯಯನ ಬಂತು. ಮೊದಲ ತಪಾಸಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಜನರ ಕಾಯಿಲೆ ಗೊತ್ತೇ ಆಗಿರಲಿಲ್ಲ. ಗಾಬರಿ, ಒತ್ತಡ ಅಂತ ಹೇಳಿಸಿಕೊಂಡವರಲ್ಲಿ ಗಂಡಸರಿಗಿಂತ ಹೆಂಗಸರೇ ಜಾಸ್ತಿ. ಇದನ್ನು ಓದಿದಾಗಲೆಲ್ಲಾ ನನಗೆ ಬೇಜಾರಾಗುತ್ತದೆ. ಹೆಂಗಸು ಎದೆ ಮೇಲೆ ಕೈ ಇಟ್ಟುಕೊಂಡು ಬಂದರೆ ಮೊದಲು ಮನೆಯ ಜಗಳ ನೆನಪಾಗುವುದು ನಮ್ಮ ವೃತ್ತಿಯವರ ತಪ್ಪು, ಅದರಲ್ಲೂ ಅವಳನ್ನು ಬಿಟ್ಟು ಗಂಡನನ್ನು ಕೇಳುವುದು ಇನ್ನೂ ದೊಡ್ಡ ತಪ್ಪು.

ಈಗ ನೀವು ಮಾಡಬೇಕಾದ್ದು, ಅದು ಬಂದಾಗಲೇ ಹಿಡಿಯುವುದು. ಶುರುವಾದ ತಕ್ಷಣ ದೊಡ್ಡ ಆಸ್ಪತ್ರೆಗೆ ಅಂತ ಟ್ರಾಫಿಕ್‌ನಲ್ಲಿ ಕೂತರೆ ದಾರಿಯಲ್ಲೇ ನಿಂತುಹೋಗುತ್ತದೆ. ಮನೆಯ ಹತ್ತಿರ ಒಂದು, ಆಫೀಸಿನ ಹತ್ತಿರ ಒಂದು, ಇಸಿಜಿ ತೆಗೆಯುವ ನರ್ಸಿಂಗ್ ಹೋಮ್ ಮೊದಲೇ ನೋಡಿಟ್ಟುಕೊಳ್ಳಿ. ಒಳಗೆ ಹೋದ ಕೂಡಲೇ ‘ಈಗ ಹೊಡ್ಕೊಳ್ತಾ ಇದೆ, ನಿಲ್ಲೋದ್ರೊಳಗೆ ಇಸಿಜಿ ತೆಗೀರಿ, ಚೀಟಿ ಆಮೇಲೆ ಮಾಡಿಸ್ತೀನಿ’ ಅನ್ನಿ. ಒಂದೇ ಒಂದು ಸಲ ಸಿಕ್ಕಿದರೂ ಸಾಕು. ಕೋವಿಡ್ ಕಾಲದಲ್ಲಿ ಕೊಂಡ ಪಲ್ಸ್ ಆಕ್ಸಿಮೀಟರ್ ಎಷ್ಟೋ ಮನೆಗಳ ಡ್ರಾಯರ್‌ನಲ್ಲಿ ಇನ್ನೂ ಬಿದ್ದಿದೆ. ಸೆಲ್ ಬದಲಾಯಿಸಿ ಬ್ಯಾಗಿನಲ್ಲಿ ಇಟ್ಟುಕೊಳ್ಳಿ. ಆಕ್ಸಿಜನ್ ಜೊತೆಗೆ ನಾಡಿಯ ಅಂಕಿಯನ್ನೂ ಅದು ತೋರಿಸುತ್ತದೆ, ಬಂದಾಗ ಬೆರಳಿಗೆ ಹಾಕಿ ವಿಡಿಯೋ ಮಾಡಿ. ಅದು ಇಸಿಜಿಗೆ ಸಮ ಅಲ್ಲ, ಆದರೆ ಟಿವಿ ನೋಡುತ್ತಾ ಕೂತವರ ನಾಡಿ 180 ಅಂತ ಕಂಡರೆ ಯಾರೂ ಗ್ಯಾಸ್ಟ್ರಿಕ್ ಅನ್ನುವುದಿಲ್ಲ. ಇಸಿಜಿ ಹಿಡಿಯುವ ಕೈಗಡಿಯಾರ ಮನೆಯಲ್ಲಿ ಯಾರ ಹತ್ತಿರವಾದರೂ ಇದ್ದರೆ ಇನ್ನೂ ಒಳ್ಳೆಯದು.

ಹೋಲ್ಟರ್ ಅಂತ ಎದೆಗೆ ಅಂಟಿಸಿ ಕಳಿಸುತ್ತಾರಲ್ಲ, ಅದು ಸಾಮಾನ್ಯವಾಗಿ 24 ಅಥವಾ 48 ಗಂಟೆ ಬಡಿತ ದಾಖಲಿಸುತ್ತದೆ. ನಿಮಗೆ ಬರುವುದು ತಿಂಗಳಿಗೆ ಒಂದೆರಡು ಸಲ ಆದರೆ ಅದಕ್ಕೂ ಸಿಗದೆ ಹೋಗಬಹುದು, ಆಗ ಅದೂ ನಾರ್ಮಲ್ ಬಂತು ಅಂತ ಮತ್ತೆ ಕುಗ್ಗಬೇಡಿ. ಒಂದೆರಡು ವಾರ ಅಂಟಿಸಿಕೊಂಡೇ ಇರುವ ಪ್ಯಾಚ್‌ಗಳೂ ಇವೆ, ಕೇಳಿ. ಇದರ ಜೊತೆ ಹಿಮೋಗ್ಲೋಬಿನ್, ಥೈರಾಯ್ಡ್, ಪೊಟ್ಯಾಸಿಯಂ ನೋಡಿಸಿ, ಒಂದು ಎಕೋ, ಅಂದರೆ ಹೃದಯದ ಸ್ಕ್ಯಾನ್, ಆಗಲಿ. ಹೆಂಗಸರಲ್ಲಿ ರಕ್ತ ಕಮ್ಮಿಯಾಗಿ ಎದೆ ಹೊಡೆದುಕೊಳ್ಳುವುದು ತುಂಬಾ ಸಾಮಾನ್ಯ, ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ‘ಎಲ್ಲರಿಗೂ ಇಷ್ಟೇ’ ಅಂತ ಬಿಡಬೇಡಿ. ಅಸ್ತಮಾ ಇನ್‌ಹೇಲರ್, ನೆಗಡಿ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ.

ಡಾಕ್ಟರ ಮುಂದೆ ಸಿಗುವುದು ಕೆಲವೇ ನಿಮಿಷ. ‘ಒಂಥರಾ ಆಗುತ್ತೆ ಸಾರ್’ ಅಂತ ಶುರುಮಾಡಿದರೆ ಅಲ್ಲೇ ಮುಗಿಯಿತು. ಮೇಜಿನ ಮೇಲೆ ಬೆರಳಲ್ಲಿ ತಟ್ಟಿ ತೋರಿಸಿ, ಎಷ್ಟು ಜೋರು, ಒಂದೇ ಸಮನೆಯೋ, ಎಡವಿ ಎಡವಿಯೋ. ಇದು ಎಷ್ಟೋ ವಾಕ್ಯಕ್ಕಿಂತ ಚೆನ್ನಾಗಿ ಅರ್ಥವಾಗುತ್ತದೆ. ಆಮೇಲೆ ನೇರವಾಗಿ ಕೇಳಿ: ‘ಇದು ಟೆನ್ಷನ್ ಅಂತ ಯಾವ ಆಧಾರದ ಮೇಲೆ ಹೇಳ್ತಿದೀರಿ? ಎಸ್‌ವಿಟಿ ಅಲ್ಲ ಅಂತ ಹೇಗೆ ಗೊತ್ತಾಗುತ್ತೆ?’ ಇದು ಉದ್ಧಟತನ ಅಲ್ಲ. ಉತ್ತರ ಸಿಗದಿದ್ದರೆ ಹೃದಯದ ವಿದ್ಯುತ್ತನ್ನೇ ನೋಡುವ ಎಲೆಕ್ಟ್ರೋಫಿಸಿಯಾಲಜಿ ಡಾಕ್ಟರನ್ನು ಕಾಣಿ. ಬನ್ನೇರುಘಟ್ಟ ರಸ್ತೆಯ ಜಯದೇವ ಆಸ್ಪತ್ರೆಯಲ್ಲಿ ಆ ವಿಭಾಗ ಇದೆ. ಜನ ಜಾಸ್ತಿ, ಬೆಳಿಗ್ಗೆ ಬೇಗ ಹೋಗಿ. ಯಜಮಾನರನ್ನೂ ಕರೆದುಕೊಂಡು ಹೋಗಿ, ಆದರೆ ಮಾತಾಡುವವರು ನೀವೇ ಆಗಿರಿ.

ಎಸ್‌ವಿಟಿ ಅಂತಲೇ ಆದರೆ ಭಯ ಬೇಡ, ಹೆಚ್ಚಿನವರಲ್ಲಿ ಅದು ಪ್ರಾಣಕ್ಕೆ ಕುತ್ತು ತರುವಂಥದ್ದಲ್ಲ. ಮಾತ್ರೆ ಇದೆ. ತೊಡೆಯ ಸಂದಿನಿಂದ ತೆಳು ತಂತಿ ಹಾಕಿ ಆ ಹೆಚ್ಚುವರಿ ದಾರಿಯನ್ನು ಸುಡುವ ಅಬ್ಲೇಷನ್ ಇದೆ, ಬಹುತೇಕರಿಗೆ ಅಲ್ಲಿಗೆ ವಾಸಿ. ಬಂದಾಗ ಮನೆಯಲ್ಲೇ ನಿಲ್ಲಿಸುವ ಉಪಾಯವೂ ಒಂದಿದೆ. 10 ಎಂಎಲ್ ಸಿರಿಂಜಿನ ತುದಿಗೆ ಬಾಯಿಟ್ಟು, ಒಳಗಿನ ಕಡ್ಡಿ ಅಲುಗುವಷ್ಟು ಜೋರಾಗಿ 15 ಸೆಕೆಂಡು ಊದುವುದು. ತಕ್ಷಣ ಅಂಗಾತ ಮಲಗಿ, ಬೇರೆಯವರು ಕಾಲುಗಳನ್ನು 15 ಸೆಕೆಂಡು ಎತ್ತಿ ಹಿಡಿಯುವುದು. 2015ರಲ್ಲಿ ಬ್ರಿಟನ್ನಿನಲ್ಲಿ ಪರೀಕ್ಷೆ ಮಾಡಿದಾಗ ಬರೀ ಊದಿದವರಲ್ಲಿ 100ಕ್ಕೆ 17 ಮಂದಿಗೆ ನಿಂತರೆ, ಹೀಗೆ ಕಾಲೆತ್ತಿದವರಲ್ಲಿ 43 ಮಂದಿಗೆ ನಿಂತಿತು. ನಿಮ್ಮದು ಎಸ್‌ವಿಟಿ ಅಂತ ಖಚಿತವಾದ ಮೇಲೆ ಡಾಕ್ಟರ ಎದುರಿಗೇ ಒಮ್ಮೆ ಕಲಿತುಕೊಳ್ಳಿ. ಕತ್ತು ಉಜ್ಜುವುದು, ಕಣ್ಣು ಒತ್ತುವುದು ಮಾತ್ರ ಯಾರು ಹೇಳಿದರೂ ಬೇಡ.

ಎದೆ ಹೊಡೆದುಕೊಳ್ಳುವಾಗ ಎದೆನೋವು, ಉಸಿರಾಟಕ್ಕೆ ತೊಂದರೆ, ಕಣ್ಣು ಕತ್ತಲೆ ಬಂದು ಬೀಳುವುದು ಆದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಇನ್ನೊಂದು. ಎರಡು ವರ್ಷ ಹೀಗೆ ಆದರೆ ಯಾರಿಗಾದರೂ ಹೆದರಿಕೆ ಹುಟ್ಟುತ್ತದೆ. ಮೆಟ್ರೋ ಹತ್ತಲು ಭಯ, ಒಬ್ಬರೇ ಇರಲು ಭಯ ಆಗುತ್ತಿದ್ದರೆ ಅದಕ್ಕೂ ಸಹಾಯ ತೆಗೆದುಕೊಳ್ಳಿ, ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ಎದೆಗೂ ಚಿಕಿತ್ಸೆ, ಹೆದರಿಕೆಗೂ ಚಿಕಿತ್ಸೆ, ಎರಡೂ ಒಟ್ಟಿಗೆ ನಡೆಯಲಿ.

ಪ್ರಶ್ನೆ: ಡಾಕ್ಟರೇ, ವಯಸ್ಸು 27, ವೈಟ್‌ಫೀಲ್ಡ್‌ನಲ್ಲಿ ಕೆಲಸ. ರಾತ್ರಿ ಮಲಗಿದಾಗ ಎದೆ ಒಂದು ಬಡಿತ ತಪ್ಪಿ ಆಮೇಲೆ ಧಡ್ ಅಂತ ಹೊಡೆಯುತ್ತದೆ. 2021ರಲ್ಲಿ ಅಪ್ಪು ಸರ್ 46ಕ್ಕೇ ಹೃದಯಾಘಾತದಿಂದ ಹೋದಾಗಿನಿಂದ ನನಗೂ ಹಾಗೇ ಆಗುತ್ತದೆ ಅನ್ನುವ ಭಯ. ತೋರಿಸಿದರೆ ‘ಈ ವಯಸ್ಸಲ್ಲಿ ಏನ್ರೀ’ ಅಂತ ನಕ್ಕು ಕಳಿಸಿದರು.

ಉತ್ತರ: ನಗಬಾರದಿತ್ತು. ಅವತ್ತಿನಿಂದ ಈ ಭಯ ಇಟ್ಟುಕೊಂಡಿರುವ ಹುಡುಗರು ಬಹಳ ಜನ. ಆದರೆ ಹೃದಯಾಘಾತ ಅಂದರೆ ರಕ್ತನಾಳ ಕಟ್ಟಿಕೊಳ್ಳುವುದು, ನೀವು ಹೇಳುತ್ತಿರುವುದು ಬೇರೆ. ಒಂದು ಬಡಿತ ಸ್ವಲ್ಪ ಬೇಗ ಬಂದುಬಿಡುತ್ತದೆ, ಆಮೇಲೆ ಚಿಕ್ಕ ಬಿಡುವು, ಆ ಬಿಡುವಿನಲ್ಲಿ ರಕ್ತ ಜಾಸ್ತಿ ತುಂಬಿಕೊಂಡು ಮುಂದಿನ ಬಡಿತ ಜೋರಾಗುತ್ತದೆ. ಇದು ಆರೋಗ್ಯವಾಗಿರುವವರಲ್ಲೂ ಆಗುತ್ತದೆ. ಎಡ ಮಗ್ಗುಲಲ್ಲಿ ಮಲಗಿದರೆ ಜಾಸ್ತಿ ಗೊತ್ತಾಗುತ್ತದೆ. ನಿದ್ದೆಗೆಟ್ಟು ಮಾಡುವ ಕೆಲಸ, ಸಂಜೆಯ ಮೇಲಿನ ಕಾಫಿ, ಸಿಗರೇಟು, ಎನರ್ಜಿ ಡ್ರಿಂಕು, ಇವನ್ನು ಕೆಲವು ವಾರ ಕಮ್ಮಿ ಮಾಡಿ ನೋಡಿ. ಒಂದು ಇಸಿಜಿ, ಒಂದು ಎಕೋ ಮಾಡಿಸಿ. ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲಿ ಹಠಾತ್ತಾಗಿ ತೀರಿಕೊಂಡವರು ಇದ್ದರೆ, ಅಥವಾ ಜಿಮ್‌ನಲ್ಲಿ, ಆಟ ಆಡುವಾಗ ನೀವು ಎಚ್ಚರ ತಪ್ಪಿದ್ದರೆ, ಅದನ್ನು ಮೊದಲನೇ ಮಾತಾಗಿ ಹೇಳಿ. ಹಾಗಿದ್ದರೆ ಹೃದಯದ ಡಾಕ್ಟರು ನೋಡಿ ಹೇಳುವವರೆಗೆ ಜಿಮ್‌ಗೆ ಹೋಗಬೇಡಿ.