ಸಂಪಾದಕರ ಉತ್ತರ: ಆ ನಾನ್‌ಜಿಂಗ್ ಬೇರೆ, ಈ ನಾನ್‌ಜಿಂಗ್ ಬೇರೆ

ಧಾರವಾಡದ ಓದುಗರೊಬ್ಬರ ಪತ್ರ: "ಕಳೆದ ಸಂಚಿಕೆಯಲ್ಲಿ ಗುಡ್ಡದ ನಡುವಿನ ದುಂಡು ಕಟ್ಟಡಗಳ ಫೋಟೋ ಹಾಕಿ 'ನಾನ್‌ಜಿಂಗ್‌ನ ಕೋಟೆಗಳು' ಅಂತ ಬರೆದಿದ್ದೀರಿ. ನಾನ್‌ಜಿಂಗ್ ಮಹಾನಗರ. ಅಲ್ಲಿ ಇಂಥ ಹಳ್ಳಿ ಎಲ್ಲಿಂದ ಬಂತು? ಸ್ವಲ್ಪ ನೋಡಿ ಹಾಕಬಾರದಾ?"

ಸರ್, ಊರಿನ ಹೆಸರು ಸರಿಯಾಗೇ ಇದೆ. ನಮ್ಮ ತಪ್ಪು ಇನ್ನೊಂದು ಕಡೆ ಇದೆ, ಅದನ್ನೂ ಹೇಳುತ್ತೇನೆ.

ನೀವು ಹೇಳುವ ನಾನ್‌ಜಿಂಗ್ ಚೀನಾದ ಜಿಯಾಂಗ್ಸು ಪ್ರಾಂತ್ಯದ ರಾಜಧಾನಿ. ನಮ್ಮ ಫೋಟೋದ ನಾನ್‌ಜಿಂಗ್ ದಕ್ಷಿಣದ ಫುಜಿಯಾನ್ ಪ್ರಾಂತ್ಯದ ಗುಡ್ಡಗಾಡು ಕೌಂಟಿ, ನಮ್ಮ ತಾಲ್ಲೂಕಿನ ಹಾಗೆ ಅಂದುಕೊಳ್ಳಿ. ಚೀನೀ ಲಿಪಿಯಲ್ಲಿ ಎರಡನೇ ಅಕ್ಷರವೇ ಬೇರೆ, ಹೇಳುವಾಗ ದನಿಯ ಏರಿಳಿತವೂ ಬೇರೆ. ಕನ್ನಡಕ್ಕೆ ಬಂದಾಗ ಎರಡೂ ಒಂದೇ ಆಗಿಬಿಡುತ್ತವೆ.

ಫೋಟೋದಲ್ಲಿರುವುದು ತಿಯಾನ್‌ಲುವೊಕೆಂಗ್ ಹಳ್ಳಿ. ನಡುವೆ ಚೌಕದ್ದೊಂದು, ಸುತ್ತ ಮೂರು ದುಂಡನೆಯವು, ಒಂದು ಮೊಟ್ಟೆಯಾಕಾರದ್ದು. ಗುಡ್ಡದ ಮೇಲಿಂದ ನೋಡಿದವರು ಇದನ್ನು 'ನಾಲ್ಕು ಪದಾರ್ಥ, ಒಂದು ಸೂಪ್' ಅನ್ನುತ್ತಾರೆ. ಚೌಕದ್ದೇ ಸೂಪು! ಈ ಚೌಕದ ಕಟ್ಟಡವನ್ನು ಮೊದಲು ಕಟ್ಟಿದ್ದು 1796ರಲ್ಲಿ, 1936ರಲ್ಲಿ ಸುಟ್ಟುಹೋಯಿತು, 1953ರಲ್ಲಿ ಮತ್ತೆ ಎದ್ದಿತು. ಮೊಟ್ಟೆಯಾಕಾರದ್ದಂತೂ 1966ರದ್ದು. ಎಲ್ಲವೂ ನೂರಾರು ವರ್ಷ ಹಳೆಯವು ಅಂತ ಸುಮ್ನೆ ನಂಬಬೇಡಿ.

ಈಗ ನಮ್ಮ ತಪ್ಪು. 'ಕೋಟೆ' ಅಂತ ಬರೆಯಬಾರದಿತ್ತು, ಇವು ಮನೆಗಳು. ತುಲೋ ಅಂದರೆ ಮಣ್ಣಿನ ಮಹಡಿ ಮನೆ. ದಪ್ಪ ಗೋಡೆ, ಮಣ್ಣನ್ನು ಹಲಗೆಗಳ ನಡುವೆ ತುಂಬಿ ಕುಟ್ಟಿ ಕುಟ್ಟಿ ಎಬ್ಬಿಸಿದ್ದು, ಒಳಗೆ ಬಿದಿರಿನ ಸೀಳು. ಕಳ್ಳಕಾಕರ ಕಾಟ, ಕುಲಗಳ ಜಗಳ ಜಾಸ್ತಿ ಇದ್ದ ಕಾಲವದು, ಹಾಗಾಗಿ ಕೆಳಗೆ ಹೊರಗೋಡೆಗೆ ಕಿಟಕಿಯೇ ಇಲ್ಲ. ಹೊರಗಿಂದ ಕೋಟೆ ಅನ್ನಿಸುವುದು ಅದಕ್ಕೇ. ಒಳಗೆ ಹೋದರೆ ನಡುವೆ ಅಂಗಳ, ಸುತ್ತ ಮರದ ಪಡಸಾಲೆ. ಒಂದು ಮನೆತನದ ಪಾಲು ಕೆಳಗಿಂದ ಮೇಲಕ್ಕೆ ನೇರವಾಗಿ ಹೋಗುತ್ತದೆ: ನೆಲಮಹಡಿಯಲ್ಲಿ ಅಡುಗೆಮನೆ, ಅದರ ಮೇಲೆ ಕಣಜ, ಅದರ ಮೇಲೆ ಮಲಗುವ ಕೋಣೆ. ಬಡವನಿಗೂ ಸಾಹುಕಾರನಿಗೂ ಹೆಚ್ಚುಕಡಿಮೆ ಒಂದೇ ಅಳತೆ. ಕೇಳಲು ಚೆಂದ, ಆದರೆ ಯಾರ ಮನೆಯಲ್ಲಿ ಏನು ಬೇಯುತ್ತಿದೆ ಅಂತ ಎಲ್ಲರಿಗೂ ಗೊತ್ತಾಗುತ್ತಿತ್ತು, ಅಲ್ವಾ?

ಇದೇ ಕೌಂಟಿಯ ಯುಚಾಂಗ್ ಲೋ ಎಂಬ ತುಲೋ ನನಗೆ ಇನ್ನೂ ಇಷ್ಟ. ಐದು ಮಹಡಿ. ಮೇಲಿನ ಕಂಬಗಳು ಒಂದು ಎಡಕ್ಕೆ, ಒಂದು ಬಲಕ್ಕೆ ವಾಲಿವೆ, ನೋಡಿದರೆ ಈಗಲೋ ಆಗಲೋ ಬಿದ್ದಂತೆ. ಮರದ ಅಳತೆ ತಪ್ಪಿತ್ತು ಅಂತ ಊರವರ ಕಥೆ. ಶತಮಾನಗಳೇ ಕಳೆದರೂ ಬಿದ್ದಿಲ್ಲ. ಅಡುಗೆಮನೆಯೊಳಗೇ ಬಾವಿ, ಒಲೆಯ ಪಕ್ಕದಲ್ಲೇ ನೀರು ಸೇದಬಹುದು.

2008ರಲ್ಲಿ ಯುನೆಸ್ಕೋ ಫುಜಿಯಾನ್‌ನ 46 ತುಲೋಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು, ತಿಯಾನ್‌ಲುವೊಕೆಂಗ್‌ನವೂ ಅದರಲ್ಲಿವೆ.

ಮುಂದಿನ ಸಂಚಿಕೆಯ ತಿದ್ದುಪಡಿ ಹೀಗಿರುತ್ತದೆ: 'ನಾನ್‌ಜಿಂಗ್‌ನ ಕೋಟೆಗಳು' ಎಂದಿದ್ದಲ್ಲಿ 'ಫುಜಿಯಾನ್‌ನ ನಾನ್‌ಜಿಂಗ್ ಕೌಂಟಿಯ ಮಣ್ಣಿನ ಮನೆಗಳು' ಎಂದು ಓದಿಕೊಳ್ಳಿ.