ಸಿಬಿಸಿ ರಿಪೋರ್ಟ್ ನೋಡಿ ಔಷಧಿ ಹಿಡಿಯುತ್ತದೋ ಇಲ್ಲವೋ ಹೇಳಬಹುದೇ?

ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದ ಈ ಸಲ ಬಂದ ಪತ್ರಗಳಲ್ಲಿ ಹಲವು ಒಂದೇ ವಿಷಯದ ಸುತ್ತ ಇವೆ: ಬೇರೆ ಅಂಗಗಳಿಗೆ ಹರಡಿದ ಸ್ತನ ಕ್ಯಾನ್ಸರ್ ಮತ್ತು ಸಿಬಿಸಿ, ಅಂದರೆ ರಕ್ತಕಣಗಳ ಕೌಂಟು. ಕೀಮೋ ಬೆಂಗಳೂರಲ್ಲೋ ಮೈಸೂರಲ್ಲೋ ಮಂಗಳೂರಲ್ಲೋ ನಡೆದರೂ ರಕ್ತ ಪರೀಕ್ಷೆ ಮಾತ್ರ ಊರಲ್ಲೇ. ಹಾಗಾಗಿ ರಿಪೋರ್ಟ್ ಡಾಕ್ಟರಿಗಿಂತ ಮೊದಲು ಮನೆಯವರ ಕೈಗೆ ಬರುತ್ತದೆ, ಗಾಬರಿಯೂ ಅಲ್ಲೇ ಶುರುವಾಗುತ್ತದೆ.

ಪ್ರಶ್ನೆ: ಅಮ್ಮನಿಗೆ 58 ವರ್ಷ. ಕ್ಯಾನ್ಸರ್ ಮೂಳೆಗೂ ಲಿವರ್‌ಗೂ ಹೋಗಿದೆ. ಪ್ಯಾಕ್ಲಿಟ್ಯಾಕ್ಸೆಲ್ ಕೀಮೋ ಹಾಕಿಸಿದ ಮಾರನೇ ದಿನ ಮಾಡಿಸಿದ ರಿಪೋರ್ಟ್‌ನಲ್ಲಿ ಬಿಳಿ ಕಣ 7,200, ನ್ಯೂಟ್ರೋಫಿಲ್ 74%, ಲಿಂಫೋಸೈಟ್ 18% ಇದೆ. ಕೆಳಗೆ ‘ಎನ್‌ಎಲ್‌ಆರ್ 4.1’ ಎಂದು ಹೊಸದೊಂದು ಸಾಲು. 3 ದಾಟಿದರೆ ಔಷಧಿ ಹಿಡಿಯುವುದಿಲ್ಲ ಎಂದು ಮೊಬೈಲ್‌ನಲ್ಲಿ ಓದಿದೆ. ಮುಂದೆ ಎರಿಬುಲಿನ್ ಎಂಬ ಇನ್ನೊಂದು ಕೀಮೋ ಹಾಕುವ ಮಾತಿದೆ. ಹಾಕಿಸಿ ಪ್ರಯೋಜನ ಇದೆಯೇ? (ಸಕಲೇಶಪುರ)

ಉತ್ತರ: ಆ 4.1 ಅನ್ನು ಸದ್ಯಕ್ಕೆ ಬದಿಗಿಡಿ. ನ್ಯೂಟ್ರೋಫಿಲ್, ಲಿಂಫೋಸೈಟ್ ಎರಡೂ ಬಿಳಿ ಕಣದ ಬಗೆಗಳು, ಇವೆರಡರ ಅನುಪಾತವೇ ಎನ್‌ಎಲ್‌ಆರ್. ಪ್ಯಾಕ್ಲಿಟ್ಯಾಕ್ಸೆಲ್‌ಗೆ ಮುನ್ನ ಅಲರ್ಜಿ ಆಗದಿರಲಿ ಎಂದು ಡೆಕ್ಸಾಮೆಥಾಸೋನ್ ಕೊಡುತ್ತಾರೆ. ಈ ಸ್ಟೀರಾಯ್ಡ್ ರಕ್ತನಾಳದ ಗೋಡೆಗೆ ಅಂಟಿಕೊಂಡಿದ್ದ ನ್ಯೂಟ್ರೋಫಿಲ್‌ಗಳನ್ನು ಬಿಡಿಸಿ ರಕ್ತಕ್ಕೆ ಸೇರಿಸುತ್ತದೆ, ಲಿಂಫೋಸೈಟ್‌ಗಳನ್ನು ರಕ್ತದಿಂದ ಕಡಿಮೆ ಮಾಡುತ್ತದೆ. ಮಾರನೇ ದಿನ ಅಳೆದರೆ ಕಾಯಿಲೆ ಇಲ್ಲದವರಲ್ಲೂ ಅನುಪಾತ ಏರಿರುತ್ತದೆ. ಕೌಂಟು ಏರಿಸಲು ಹೊಟ್ಟೆಗೆ ಚುಚ್ಚುವ ಫಿಲ್‌ಗ್ರಾಸ್ಟಿಮ್ ಇಂಜೆಕ್ಷನ್, ಮೂತ್ರದ ಸೋಂಕು, ಹಲ್ಲಿನ ಕೀವು, ಇತ್ತೀಚಿನ ಆಪರೇಷನ್ ಕೂಡ ಇದೇ ಆಟ ಆಡಿಸುತ್ತವೆ. ಲೆಕ್ಕಕ್ಕೆ ಬರುವುದು ಮುಂದಿನ ಡೋಸ್‌ಗೆ ಮುಂಚೆ, ಸ್ಟೀರಾಯ್ಡ್ ತೆಗೆದುಕೊಳ್ಳುವ ಮೊದಲು ಕೊಟ್ಟ ರಕ್ತ.

ಲೆಕ್ಕ ಹೀಗೆ: 7,200ರ 74% ಅಂದರೆ 5,328 ನ್ಯೂಟ್ರೋಫಿಲ್, 18% ಅಂದರೆ 1,296 ಲಿಂಫೋಸೈಟ್. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 4.1. ಬರೀ ಶೇಕಡಾ ನೋಡಿ ತೀರ್ಮಾನಕ್ಕೆ ಬರಬೇಡಿ. ಒಟ್ಟು ಬಿಳಿ ಕಣ 2,000ಕ್ಕೆ ಇಳಿದಾಗಲೂ ಶೇಕಡಾ ಚೆನ್ನಾಗಿಯೇ ಕಾಣಬಹುದು.

ಈ ಅನುಪಾತಕ್ಕೆ ಅರ್ಥವೇ ಇಲ್ಲ ಎಂದಲ್ಲ. ಗೆಡ್ಡೆ ದೇಹದಲ್ಲಿ ಉರಿಯೂತ ಎಬ್ಬಿಸಿ ಮೂಳೆಯ ಮಜ್ಜೆಯಿಂದ ನ್ಯೂಟ್ರೋಫಿಲ್‌ಗಳನ್ನು ಹೊರಗೆ ಕರೆಸುತ್ತದೆ. ಗೆಡ್ಡೆಯ ವಿರುದ್ಧ ಕೆಲಸ ಮಾಡಬೇಕಾದವು ಮುಖ್ಯವಾಗಿ ಲಿಂಫೋಸೈಟ್‌ಗಳು. 2014ರಲ್ಲಿ 100 ಅಧ್ಯಯನಗಳ, 40,559 ರೋಗಿಗಳ ಲೆಕ್ಕ ಒಟ್ಟುಗೂಡಿಸಿ ನೋಡಿದಾಗ, ನಾನಾ ಬಗೆಯ ಗೆಡ್ಡೆ ಕ್ಯಾನ್ಸರ್‌ಗಳಲ್ಲಿ ಅನುಪಾತ ಹೆಚ್ಚಿದ್ದವರ ಸಾವಿನ ಅಪಾಯ ಸುಮಾರು 1.8 ಪಟ್ಟು ಇತ್ತು. ಆದರೆ ಒಂದೊಂದು ಅಧ್ಯಯನ ಒಂದೊಂದು ಗೆರೆ ಎಳೆದಿತ್ತು, ನಡುವಿನ ಗೆರೆ 4. ನೀವು ಓದಿದ 3 ಎಲ್ಲರೂ ಒಪ್ಪಿದ ಗಡಿಯೇನೂ ಅಲ್ಲ. ಹೂಮಳೆ ಚೆನ್ನಾಗಿ ಬಿದ್ದ ವರ್ಷ ತಾಲ್ಲೂಕಿನ ಕಾಫಿ ಫಸಲು ಚೆನ್ನಾಗಿರುತ್ತದೆ ಎನ್ನಬಹುದು, ನಿಮ್ಮ ತೋಟದ ಒಂದು ಗಿಡದಲ್ಲಿ ಎಷ್ಟು ಹಣ್ಣು ಎಂದು ಅದರಿಂದ ಹೇಳಲಾಗದು.

ಇನ್ನು ಎರಿಬುಲಿನ್. ಇಲ್ಲಿ ಎರಡು ಬೇರೆ ಪ್ರಶ್ನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಯಾವ ಔಷಧಿ ಕೊಟ್ಟರೂ ರೋಗ ಹೇಗೆ ಸಾಗೀತು ಎನ್ನುವುದು ಒಂದು. ಇದೇ ಔಷಧಿ ಕೊಟ್ಟರೆ ಬೇರೆಯದಕ್ಕಿಂತ ಹೆಚ್ಚು ಲಾಭವೇ ಎನ್ನುವುದು ಇನ್ನೊಂದು. ಹಿಂದೆ ಹಲವು ಕೀಮೋ ಪಡೆದಿದ್ದ 762 ಮಹಿಳೆಯರ ಎಂಬ್ರೇಸ್ ಪ್ರಯೋಗದಲ್ಲಿ (2011) ಎರಿಬುಲಿನ್ ಪಡೆದವರಲ್ಲಿ ಅರ್ಧದಷ್ಟು ಜನ ಬದುಕಿದ್ದ ಅವಧಿ (ಮಧ್ಯಾಂಕ) 13.1 ತಿಂಗಳು, ವೈದ್ಯರು ಆರಿಸಿದ ಬೇರೆ ಚಿಕಿತ್ಸೆ ಪಡೆದವರದು 10.6 ತಿಂಗಳು. ಆ ಮಾಹಿತಿಯನ್ನೇ ಆಮೇಲೆ ಮತ್ತೆ ಜಾಲಾಡಿದಾಗ, ಶುರುವಿನಲ್ಲಿ ಲಿಂಫೋಸೈಟ್ 1,500 ಅಥವಾ ಹೆಚ್ಚು ಇದ್ದವರಲ್ಲಿ ಎರಿಬುಲಿನ್‌ನ ಲಾಭ ಎದ್ದು ಕಂಡಿತು. ಅದಕ್ಕಿಂತ ಕಡಿಮೆ ಇದ್ದವರಲ್ಲಿ ಅಷ್ಟು ಕಾಣಲಿಲ್ಲ. ಅನುಪಾತ ಕಡಿಮೆ ಇದ್ದವರು ಮಾತ್ರ ಯಾವ ಔಷಧಿ ಪಡೆದರೂ ಹೆಚ್ಚು ಕಾಲ ಇದ್ದರು. ಅಂದರೆ ಅನುಪಾತ ಮೊದಲ ಪ್ರಶ್ನೆಗೆ ಸೇರಿದ್ದು, ಲಿಂಫೋಸೈಟ್ ಸಂಖ್ಯೆ ಎರಡನೆಯದರ ಕಡೆ ಬೆರಳು ತೋರಿಸುತ್ತದೆ. ತೋರಿಸುತ್ತದೆ, ಅಷ್ಟೆ. ಪ್ರಯೋಗ ಮುಗಿದ ಮೇಲೆ ಹುಡುಕಿ ತೆಗೆದ ಸಂಗತಿ ಇದು. ಇದೊಂದನ್ನೇ ನಂಬಿ ಯಾರಿಗೂ ಎರಿಬುಲಿನ್ ಬೇಡ ಎನ್ನುವಂತಿಲ್ಲ. ಲಿವರ್ ಎಷ್ಟು ಕೆಲಸ ಮಾಡುತ್ತಿದೆ, ಕೈಕಾಲು ಜೋಮು ಎಷ್ಟಿದೆ, ತಾಯಿಯವರು ದಿನದಲ್ಲಿ ಎಷ್ಟು ಹೊತ್ತು ಹಾಸಿಗೆ ಬಿಟ್ಟು ಓಡಾಡುತ್ತಾರೆ, ಇವು ಆ 4.1ಕ್ಕಿಂತ ಹೆಚ್ಚು ತೂಕದವು.

ಪ್ರಶ್ನೆ: ಅತ್ತೆಯವರು ಸ್ತನ ಕ್ಯಾನ್ಸರ್‌ಗೆ ಕೊಡುವ ಪಾಲ್ಬೋಸಿಕ್ಲಿಬ್ 125 ಎಂಜಿ ಮಾತ್ರೆಯಲ್ಲಿದ್ದಾರೆ. ಎರಡನೇ ಸುತ್ತು ಶುರುವಾಗುವ ದಿನ ಬಿಳಿ ಕಣ 2,600, ನ್ಯೂಟ್ರೋಫಿಲ್ 38%. ಲ್ಯಾಬಿನವರು ತಕ್ಷಣ ಅಡ್ಮಿಟ್ ಮಾಡಿ ಅಂದರು, ಕ್ಯಾನ್ಸರ್ ಡಾಕ್ಟರು ಒಂದು ವಾರ ಮಾತ್ರೆ ನಿಲ್ಲಿಸಿ ಅಂದರು. ಯಾರ ಮಾತು ಕೇಳುವುದು? (ತರೀಕೆರೆ)

ಉತ್ತರ: ಡಾಕ್ಟರ ಮಾತು. ನ್ಯೂಟ್ರೋಫಿಲ್ 988 ಆಯಿತು. ಸುತ್ತು ಶುರು ಮಾಡಲು ಕನಿಷ್ಠ 1,000 ಬೇಕು, ಅದಕ್ಕೇ ನಿಲ್ಲಿಸಿದ್ದಾರೆ. ವಾರದೊಳಗೆ ಮತ್ತೆ ಪರೀಕ್ಷೆ ಮಾಡಿಸಿ, 1,000 ದಾಟಿದ್ದರೆ ಸಾಮಾನ್ಯವಾಗಿ ಅದೇ ಡೋಸ್‌ನಲ್ಲೇ ಮುಂದುವರಿಸುತ್ತಾರೆ. ಕೀಮೋ ಮಜ್ಜೆಯ ಕಣಗಳನ್ನು ಕೊಲ್ಲುತ್ತದೆ. ಈ ಮಾತ್ರೆ ಅವು ವಿಭಜನೆಯಾಗುವುದನ್ನು ತಡೆದು ನಿಲ್ಲಿಸುತ್ತದೆ, ಮಾತ್ರೆ ಬಿಟ್ಟರೆ ಬೇಗ ಚೇತರಿಸಿಕೊಳ್ಳುತ್ತವೆ. ಆದ್ದರಿಂದ ಕೌಂಟು ಇಷ್ಟು ಇಳಿದರೂ ಜ್ವರದ ಅಪಾಯ ಕೀಮೋದಲ್ಲಿ ಇರುವಷ್ಟು ಇಲ್ಲ. ಜ್ವರ ಬಂದರೆ ಮಾತ್ರ ಕಾಯಬಾರದು.

ಕೌಂಟು ಇಳಿದರೆ ಔಷಧಿ ಸೋತಿದೆ ಎಂದಲ್ಲ. ಕೌಂಟಿನ ಕಾರಣಕ್ಕೆ ಡೋಸ್ 100ಕ್ಕೋ 75ಕ್ಕೋ ಇಳಿಸಿದವರಲ್ಲಿ ಲಾಭ ಕುಗ್ಗಲಿಲ್ಲ ಎಂದು ಇದೇ ಮಾತ್ರೆಯ ಪಲೋಮಾ-3 ಪ್ರಯೋಗದ ಮಾಹಿತಿ ತೋರಿಸಿದೆ. ಮೊದಲ ಎರಡು ಸುತ್ತುಗಳಲ್ಲಿ 1ನೇ ದಿನ ಮತ್ತು 15ನೇ ದಿನ ಸಿಬಿಸಿ ತಪ್ಪಿಸಬೇಡಿ. ಗ್ರೇಪ್‌ಫ್ರೂಟ್ ಈ ಮಾತ್ರೆಯನ್ನು ರಕ್ತದಲ್ಲಿ ಏರಿಸುತ್ತದೆ. ಅದೇ ಕುಲದ ಹಿತ್ತಲಿನ ಚಕ್ಕೋತವನ್ನೂ ಮಾತ್ರೆ ಮುಗಿಯುವವರೆಗೆ ಬಿಡುವುದು ಒಳ್ಳೆಯದು.

ಪ್ರಶ್ನೆ: ಒಂದೇ ದಿನ ಎರಡು ಕಡೆ ರಕ್ತ ಕೊಟ್ಟೆವು. ಮೂಡಿಗೆರೆ ರಿಪೋರ್ಟ್: ಬಿಳಿ ಕಣ 5,800, ಗ್ರಾನುಲೋಸೈಟ್ 70%, ಲಿಂಫೋಸೈಟ್ 22%, ‘ಮಿಡ್’ 8%, ಪ್ಲೇಟ್‌ಲೆಟ್ 68,000. ಚಿಕ್ಕಮಗಳೂರಿನದು: ಬಿಳಿ ಕಣ ಅಷ್ಟೇ, ನ್ಯೂಟ್ರೋಫಿಲ್ 54%, ಲಿಂಫೋಸೈಟ್ 25%, ಇಯೊಸಿನೋಫಿಲ್ 13%, ಪ್ಲೇಟ್‌ಲೆಟ್ 1,90,000. ಯಾವುದು ಸುಳ್ಳು? (ಮೂಡಿಗೆರೆ)

ಉತ್ತರ: ಯಾರೂ ಸುಳ್ಳು ಹೇಳಿಲ್ಲ, ಯಂತ್ರಗಳು ಬೇರೆ. ಮೊದಲನೆಯದು ತ್ರೀ-ಪಾರ್ಟ್ ಯಂತ್ರ. ಬಿಳಿ ಕಣಗಳನ್ನು ಗಾತ್ರ ನೋಡಿ ಮೂರೇ ಗುಂಪು ಮಾಡುತ್ತದೆ. ‘ಗ್ರಾನುಲೋಸೈಟ್’ ಎಂದರೆ ಬರೀ ನ್ಯೂಟ್ರೋಫಿಲ್ ಅಲ್ಲ, ಇಯೊಸಿನೋಫಿಲ್ ಎಂಬ ಇನ್ನೊಂದು ಬಗೆಯ ಬಿಳಿ ಕಣ ಕೂಡ ಅದರೊಳಗೆ ನುಸುಳುತ್ತದೆ. ಅದನ್ನೇ ಲಿಂಫೋಸೈಟ್‌ನಿಂದ ಭಾಗಿಸಿದರೆ ಅನುಪಾತ 3.2, ಐದು ಗುಂಪು ಮಾಡುವ ಚಿಕ್ಕಮಗಳೂರಿನ ಫೈವ್-ಪಾರ್ಟ್ ಯಂತ್ರದ ಲೆಕ್ಕದಲ್ಲಿ 2.2. ಒಂದೇ ಮನುಷ್ಯರು, ಒಂದೇ ದಿನ. ಅನುಪಾತದ ಬಗ್ಗೆ ಮಾತಾಡುವುದಾದರೆ ಫೈವ್-ಪಾರ್ಟ್ ರಿಪೋರ್ಟನ್ನೇ ಹಿಡಿಯಿರಿ, ಪ್ರತಿ ಸಲ ಅದೇ ಲ್ಯಾಬಿಗೆ ಹೋಗಿ.

ಇಯೊಸಿನೋಫಿಲ್ 13% ಅಂದರೆ 754. 500ರ ಮೇಲೆ ಹೆಚ್ಚು. ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ ಕೊಕ್ಕೆಹುಳು ಸಾಮಾನ್ಯ, ರಕ್ತಹೀನತೆಯೂ ಅದರ ಬೆನ್ನಿಗೇ ಬರುತ್ತದೆ. ಮಲ ಪರೀಕ್ಷೆ ಮಾಡಿಸಿ. ಹುಳದ ಮಾತ್ರೆಯನ್ನು ಮಾತ್ರ ಕೀಮೋ ಡಾಕ್ಟರನ್ನು ಕೇಳಿಯೇ ನುಂಗಿ.

ಪ್ಲೇಟ್‌ಲೆಟ್ ಕಥೆ ಬೇರೆ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ಹಾಕಿರುವ ಇಡಿಟಿಎಯಿಂದ ಕೆಲವರ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿ ಗುಂಪಾಗುತ್ತವೆ. ಯಂತ್ರ ಗುಂಪನ್ನು ಪ್ಲೇಟ್‌ಲೆಟ್ ಎಂದು ಎಣಿಸುವುದಿಲ್ಲ. ರಕ್ತ ಎಳೆಯುವುದು ನಿಧಾನವಾಗಿ ಟ್ಯೂಬಿನಲ್ಲಿ ಹೆಪ್ಪು ಶುರುವಾದರೂ ಹೀಗೇ ಆಗುತ್ತದೆ. ದಿಢೀರನೆ ಇಳಿದ ಪ್ಲೇಟ್‌ಲೆಟ್ ಕಂಡು ಕೀಮೋ ಮುಂದೂಡುವ ಮೊದಲು ‘ಸ್ಮಿಯರ್ ಮಾಡಿ ಗುಂಪು ಇದೆಯಾ ನೋಡಿ’ ಎಂದು ಲ್ಯಾಬಿನಲ್ಲಿ ಕೇಳಿ (ಸ್ಮಿಯರ್ ಅಂದರೆ ಗಾಜಿನ ಮೇಲೆ ರಕ್ತ ಹರಡಿ ಸೂಕ್ಷ್ಮದರ್ಶಕದಲ್ಲಿ ನೋಡುವುದು). ಗುಂಪು ಇದ್ದರೆ ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ತೆಗೆದು, ಬಂದ ಸಂಖ್ಯೆಯನ್ನು 1.1ರಿಂದ ಗುಣಿಸುತ್ತಾರೆ.

ರಕ್ತ ಕೊಡುವಾಗ: ಕಂಕುಳ ಗಂಟು ತೆಗೆದ ಕಡೆಯ ಕೈ ಬೇಡ. ಗ್ಲೂಕೋಸ್ ಹನಿ ಹೋಗುತ್ತಿರುವ ಕೈಯೂ ಬೇಡ, ರಕ್ತ ತೆಳುವಾಗಿ ಎಲ್ಲ ಕೌಂಟೂ ಇಳಿದಂತೆ ಕಾಣುತ್ತದೆ. ಟ್ಯೂಬು ಗೆರೆಯವರೆಗೆ ತುಂಬಬೇಕು, ತಕ್ಷಣ 8–10 ಸಲ ಮೆಲ್ಲಗೆ ತಲೆಕೆಳಗು ಮಾಡಬೇಕು, ಕುಲುಕಬಾರದು. ಬಸ್ಸಿನಲ್ಲಿ ಸ್ಯಾಂಪಲ್ ಕಳಿಸುವುದಾದರೆ ಐಸ್‌ಗೆ ತಾಗಿಸಬೇಡಿ, ಎಂಜಿನ್ ಪಕ್ಕವೂ ಇಡಬೇಡಿ. ಐದಾರು ಗಂಟೆಯೊಳಗೆ ಯಂತ್ರಕ್ಕೆ ಹೋದರೆ ಬಿಳಿ ಕಣಗಳ ಬಗೆಬಗೆಯ ಶೇಕಡಾ ಲೆಕ್ಕ ನಂಬಬಹುದು.

ಪ್ರಶ್ನೆ: ಅಕ್ಕನಿಗೆ ಹಿಮೋಗ್ಲೋಬಿನ್ 7.9, ಪ್ಲೇಟ್‌ಲೆಟ್ 72,000. ಸ್ಮಿಯರ್‌ನಲ್ಲಿ ‘ನ್ಯೂಕ್ಲಿಯಸ್ ಇರುವ ಕೆಂಪು ಕಣ, ಎಳೆಯ ಬಿಳಿ ಕಣ’ ಎಂದು ಬರೆದಿದ್ದಾರೆ. ಕೀಮೋ ನಿಲ್ಲಿಸಿ ಎರಡು ತಿಂಗಳಾಗಿದೆ. ಕಬ್ಬಿಣದ ಮಾತ್ರೆ, ದಾಳಿಂಬೆ, ಬೀಟ್‌ರೂಟ್ ಎಲ್ಲ ಕೊಟ್ಟರೂ ಏರುತ್ತಿಲ್ಲ. (ಅರಸೀಕೆರೆ)

ಉತ್ತರ: ಈ ಪತ್ರಗಳಲ್ಲಿ ನಿಜಕ್ಕೂ ಅವಸರ ಇರುವುದು ನಿಮ್ಮದರಲ್ಲಿ. ನ್ಯೂಕ್ಲಿಯಸ್ ಇರುವ ಕೆಂಪು ಕಣ ಮಜ್ಜೆ ಬಿಟ್ಟು ಹೊರಗೆ ಬರಬಾರದು. ಬಂದಿದೆ, ಜೊತೆಗೆ ಪ್ಲೇಟ್‌ಲೆಟ್ ಇಳಿದಿದೆ, ಕೀಮೋದ ನೆಪವೂ ಇಲ್ಲ ಎಂದರೆ ಕ್ಯಾನ್ಸರ್ ಮಜ್ಜೆಯೊಳಗೆ ಹೊಕ್ಕಿರುವ ಸಾಧ್ಯತೆಯನ್ನು ಮೊದಲು ನೋಡಬೇಕು. ದಾಳಿಂಬೆ ತಿನ್ನಲಿ, ತೊಂದರೆಯಿಲ್ಲ, ಆದರೆ ಅದಕ್ಕಾಗಿ ಕಾಯಬೇಡಿ. ಈ ವಾರವೇ ರಿಪೋರ್ಟ್ ಸಮೇತ ಕ್ಯಾನ್ಸರ್ ವೈದ್ಯರನ್ನು ಕಾಣಿ. ಕಬ್ಬಿಣದ ಕೊರತೆ ಇದೆಯೇ ಎಂದು ತಿಳಿಯಲು ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಪರೀಕ್ಷೆ ಒಂದೇ ಸಾಲದು, ಕ್ಯಾನ್ಸರ್‌ನ ಉರಿಯೂತದಲ್ಲಿ ಅದು ಏರಿರುತ್ತದೆ. ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ಎಂಬ ಇನ್ನೊಂದು ಕಬ್ಬಿಣದ ಪರೀಕ್ಷೆ ಕೂಡ ಬೇಕು. ಮಜ್ಜೆಗೆ ಹೋಗಿರುವುದು ಖಚಿತವಾದರೆ ಕೌಂಟು ಕಡಿಮೆ ಇದ್ದಾಗಲೂ ಕ್ಯಾನ್ಸರ್ ಔಷಧಿಯನ್ನು ಕಡಿಮೆ ಡೋಸ್‌ನಲ್ಲಿ, ವಾರವಾರ ಕೊಡುವುದುಂಟು. ಅಲ್ಲಿ ಕೌಂಟು ಏರಿಸುವ ಮದ್ದು ಅದೇ.

ಪ್ರಶ್ನೆ: ಕೀಮೋ ಆಗಿ 10ನೇ ದಿನ ರಾತ್ರಿ ಜ್ವರ ಬಂದರೆ ಬೆಳಿಗ್ಗೆ ಸಿಬಿಸಿ ಮಾಡಿಸಿ ಹೊರಟರೆ ಆಗದೇ? ಮಳೆಗಾಲದಲ್ಲಿ ಘಾಟಿ ದಾರಿ ನಂಬುವಂತಿಲ್ಲ. (ಕೊಪ್ಪ)

ಉತ್ತರ: ಆಗದು. ಕೀಮೋ ನಂತರ ಕೌಂಟು ತೀರಾ ತಳ ಕಾಣುವುದು ಸಾಮಾನ್ಯವಾಗಿ 7ರಿಂದ 14ನೇ ದಿನದೊಳಗೆ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಪ್ಯಾರಾಸಿಟಮಾಲ್ ನುಂಗಿ ಮಲಗಬೇಡಿ. ನ್ಯೂಟ್ರೋಫಿಲ್ 500ಕ್ಕಿಂತ ಕೆಳಗಿದ್ದರೆ ಕೀವಾಗಲಿ ಕೆಮ್ಮಾಗಲಿ ಕಾಣದೆಯೇ ಸೋಂಕು ರಕ್ತಕ್ಕೆ ಏರುತ್ತದೆ. ಆಸ್ಪತ್ರೆ ತಲುಪಿದ ಒಂದು ಗಂಟೆಯೊಳಗೆ ರಕ್ತನಾಳದ ಮೂಲಕ ಆಂಟಿಬಯೋಟಿಕ್ ಬೀಳಬೇಕು, ಸಿಬಿಸಿ ಬರುವವರೆಗೆ ಕಾಯಬಾರದು. ಘಾಟಿ ಇಳಿಯುವ ಯೋಚನೆ ಬಿಟ್ಟು ಹತ್ತಿರದ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಹೋಗಿ. ಬಾಗಿಲಲ್ಲೇ ‘ಕೀಮೋ ಆಗಿ ಇಷ್ಟನೇ ದಿನ’ ಎಂದು ಹೇಳಿ, ಡಿಸ್ಚಾರ್ಜ್ ಶೀಟ್ ಕೈಯಲ್ಲಿರಲಿ. ನಿಮ್ಮ ಭಾಗದಲ್ಲಿ ಇನ್ನೊಂದು ಗೊಂದಲವಿದೆ: ಡೆಂಗಿಯೂ ಮಂಗನ ಕಾಯಿಲೆಯೂ ಬಿಳಿ ಕಣ, ಪ್ಲೇಟ್‌ಲೆಟ್ ಎರಡನ್ನೂ ಇಳಿಸುತ್ತವೆ. ಕಾಡಿನಂಚಿಗೆ ಹೋಗಿದ್ದು, ಉಣ್ಣೆ ಕಚ್ಚಿದ್ದು ಇದ್ದರೆ ಅದನ್ನೂ ಹೇಳಿ.

ಪ್ರಶ್ನೆ: ಕೌಂಟು ಏರಲು ಅಮೃತಬಳ್ಳಿ ಕಷಾಯ, ಪರಂಗಿ ಎಲೆ ರಸ ಕೊಡಬಹುದೇ? (ಬೇಲೂರು)

ಉತ್ತರ: ಕೀಮೋ ನಡೆಯುವಾಗ ಎರಡೂ ಬೇಡ. ಅಮೃತಬಳ್ಳಿಯಿಂದ ಲಿವರ್ ಕೆಟ್ಟ ಪ್ರಕರಣಗಳು ನಮ್ಮ ದೇಶದಲ್ಲೇ ದಾಖಲಾಗಿವೆ. ಲಿವರ್‌ಗೆ ಪೆಟ್ಟು ಬಿದ್ದಿದೆ ಎಂದು ತೋರಿಸುವ ಎಸ್‌ಜಿಪಿಟಿ ಏರಿದರೆ ಕೌಂಟು ಸರಿಯಿದ್ದರೂ ಕೀಮೋ ನಿಲ್ಲುತ್ತದೆ. ಈಗಾಗಲೇ ಕುಡಿಸಿದ್ದರೆ ಬೈಸಿಕೊಳ್ಳುವ ಭಯಕ್ಕೆ ಮುಚ್ಚಿಡಬೇಡಿ, ಎಷ್ಟು ದಿನ ಕುಡಿಸಿದಿರಿ ಎಂಬುದನ್ನು ಮುಂದಿನ ಭೇಟಿಯಲ್ಲಿ ಹೇಳಿ, ಲಿವರ್ ಪರೀಕ್ಷೆಯನ್ನೂ ಅದೇ ದಿನ ಮಾಡಿಸಿ.