ಮರಿ ಕೊಳ್ಳುವ ಮೊದಲು ತಾಯಿಮೀನನ್ನು ವಿಚಾರಿಸಿ

ಪ್ರಶ್ನೆ: ನಾನು ಬೀದರ್ ಜಿಲ್ಲೆಯ ಭಾಲ್ಕಿ ತಾಲ್ಲೂಕಿನ ತೊಗರಿ ಬೆಳೆಗಾರ. ಕೃಷಿ ಹೊಂಡದಲ್ಲಿ ಎರಡು ವರ್ಷ ಕಾಟ್ಲಾ ಮತ್ತು ರೋಹು ಮರಿ ಬಿಟ್ಟೆ. ಮಾರ್ಚಿನಲ್ಲಿ ನೀರು ಇಳಿಯುವ ಹೊತ್ತಿಗೆ ಒಂದೊಂದು ಮೀನು ಕಾಲು ಕಿಲೋ ಸಹ ದಾಟಿರಲಿಲ್ಲ. ಈಗ ಒಬ್ಬರು ‘ಜಯಂತಿ ರೋಹು’ ಎಂಬ ಸುಧಾರಿತ ತಳಿಯ ಮರಿಯನ್ನು ಹೆಚ್ಚಿನ ಬೆಲೆಗೆ ಕೊಡುವುದಾಗಿ ಹೇಳುತ್ತಿದ್ದಾರೆ. ಅದು ನಿಜವಾದ ತಳಿಯೇ? ಕುಲಾಂತರಿಯೇ? ಕೊಳ್ಳಬಹುದೇ?

ಉತ್ತರ: ತಳಿ ನಿಜ, ಕುಲಾಂತರಿ ಅಲ್ಲ. ಭುವನೇಶ್ವರದ ಹತ್ತಿರದ ಕೌಸಲ್ಯಾಗಂಗದಲ್ಲಿರುವ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯು ನಾರ್ವೆಯ ತಜ್ಞರ ಸಹಯೋಗದಲ್ಲಿ 1992ರಲ್ಲಿ ಈ ಕೆಲಸವನ್ನು ಆರಂಭಿಸಿ, ಸ್ವಾತಂತ್ರ್ಯದ ಐವತ್ತನೆಯ ವರ್ಷವಾದ 1997ರಲ್ಲಿ ತಳಿಯನ್ನು ಬಿಡುಗಡೆ ಮಾಡಿತು. ಜಯಂತಿ ಎಂಬ ಹೆಸರು ಬಂದದ್ದು ಆ ಸಂದರ್ಭದಿಂದ. ಗಂಗಾ, ಯಮುನಾ, ಬ್ರಹ್ಮಪುತ್ರ, ಸಟ್ಲೆಜ್ ಮತ್ತು ಗೋಮತಿ ನದಿಗಳಿಂದ ರೋಹುವನ್ನು ತಂದು, ಸಾಕಣೆಯ ಮೀನನ್ನೂ ಅದರೊಂದಿಗೆ ಸೇರಿಸಿ, ಚೆನ್ನಾಗಿ ಬೆಳೆದ ಕುಟುಂಬಗಳನ್ನು ತಲೆಮಾರಿನಿಂದ ತಲೆಮಾರಿಗೆ ಆರಿಸುತ್ತ ಬಂದರು. ನಮ್ಮ ಹಿರಿಯರು ಸುಗ್ಗಿಯಲ್ಲಿ ಒಳ್ಳೆಯ ಜೋಳದ ತೆನೆಗಳನ್ನು ಬೀಜಕ್ಕೆಂದು ಎತ್ತಿಡುತ್ತಿದ್ದ, ನಿಮ್ಮ ಜಿಲ್ಲೆಯ ದೇವಣಿ ಹೋರಿಯನ್ನು ಮೈಕಟ್ಟು ನೋಡಿ ಆರಿಸುತ್ತಿದ್ದ ಕೆಲಸವೇ ಇದು. ಇಲ್ಲಿ ಕಣ್ಣಂದಾಜಿನ ಜಾಗದಲ್ಲಿ ತೂಕ, ಗುರುತುಪಟ್ಟಿ ಮತ್ತು ಲೆಕ್ಕ ಬಂದಿವೆ, ಅಷ್ಟೇ. ಹೊರಗಿನ ಯಾವ ಜೀನನ್ನೂ ಮೀನಿನೊಳಗೆ ಸೇರಿಸಿಲ್ಲ.

ಬೆಳವಣಿಗೆಯಲ್ಲಿ ಪ್ರತಿ ತಲೆಮಾರಿಗೆ ಸರಾಸರಿ ಸುಮಾರು ಶೇ 17ರಷ್ಟು ಏರಿಕೆ ಸಿಕ್ಕಿದೆ. ದನದಲ್ಲಿಯೂ ಕುರಿಯಲ್ಲಿಯೂ ಇಷ್ಟು ವೇಗದ ಸುಧಾರಣೆ ಕಾಣುವುದಿಲ್ಲ. ಇದಕ್ಕೆ ಕಾರಣ ಸರಳವಾಗಿದೆ. ಒಂದು ಆಕಳು ವರ್ಷಕ್ಕೆ ಒಂದು ಕರು ಹಾಕಿದರೆ, ಒಂದು ಹೆಣ್ಣು ರೋಹು ತನ್ನ ಮೈತೂಕದ ಪ್ರತಿ ಕಿಲೋಗೆ ಲಕ್ಷಕ್ಕೂ ಮೀರಿ ಮೊಟ್ಟೆ ಇಡುತ್ತದೆ. ಸಾವಿರಾರು ಮರಿಗಳಲ್ಲಿ ಅತ್ಯುತ್ತಮವಾದ ಕೆಲವನ್ನು ಮಾತ್ರ ಉಳಿಸಿಕೊಳ್ಳುವ ಅವಕಾಶ ಆಯ್ಕೆದಾರನಿಗೆ ಸಿಗುತ್ತದೆ.

ಆದರೆ ನಿಮ್ಮ ಹೊಂಡದ ಸಮಸ್ಯೆ ತಳಿಯಿಂದ ಶುರುವಾದದ್ದಲ್ಲ ಎಂದು ನನಗೆ ತೋರುತ್ತದೆ. ಜುಲೈ ಅಥವಾ ಆಗಸ್ಟಿನಲ್ಲಿ ಹೊಂಡ ತುಂಬಿ, ಹಿಂಗಾರಿನ ಬೆಳೆಗೆ ನೀರೆತ್ತಿದ ಮೇಲೆ, ಮೀನಿಗೆ ಆಳವಾದ ನೀರು ಸಿಗುವುದು ಆರೇಳು ತಿಂಗಳು ಮಾತ್ರ. ಆ ಅವಧಿಯಲ್ಲಿ ಚಳಿಯ ಎರಡು ತಿಂಗಳು ಮೀನು ಮೇವನ್ನು ಅಷ್ಟಾಗಿ ಮುಟ್ಟುವುದಿಲ್ಲ. ಒಂದಂಗುಲದ ಮರಿಯನ್ನು ಬಿಟ್ಟರೆ ಅದು ಬೆರಳುದ್ದವಾಗುವಷ್ಟರಲ್ಲಿ ನಿಮ್ಮ ಒಳ್ಳೆಯ ಕಾಲ ಮುಗಿದಿರುತ್ತದೆ. ಇಂತಹ ನೀರಿನಲ್ಲಿ ಜಯಂತಿಯೂ ತನ್ನ ಗುಣವನ್ನು ತೋರಿಸಲಾರದು. ಆಂಧ್ರದ ಸಾಕಣೆದಾರರು ಬಹಳ ಹಿಂದೆಯೇ ಇದಕ್ಕೆ ಒಂದು ದಾರಿ ಕಂಡುಕೊಂಡಿದ್ದಾರೆ. ಹಿಂದಿನ ಮಳೆಗಾಲದ ಮರಿಗಳನ್ನು ವರ್ಷಪೂರ್ತಿ ದಟ್ಟವಾಗಿ, ಕಡಿಮೆ ಮೇವಿನಲ್ಲಿ ಇಟ್ಟು, 50ರಿಂದ 100 ಗ್ರಾಂ ತೂಗುವ ‘ಕುಂಠಿತ ಮರಿ’ಗಳನ್ನಾಗಿ ಉಳಿಸಿಕೊಂಡು, ಮರುವರ್ಷ ವಿಶಾಲವಾದ ನೀರಿಗೆ ಬಿಡುತ್ತಾರೆ. ತಡೆದಿಟ್ಟ ಬೆಳವಣಿಗೆಯನ್ನು ಅವು ವೇಗವಾಗಿ ತುಂಬಿಕೊಳ್ಳುತ್ತವೆ. 21 ಮೀಟರ್ ಉದ್ದಗಲದ ಹೊಂಡಕ್ಕೆ ಇಂತಹ 200ರಿಂದ 250 ಮರಿಗಳು ಸಾಕು. ಹೆಚ್ಚು ಬಿಟ್ಟರೆ ಎಲ್ಲವೂ ಸಣ್ಣದಾಗಿಯೇ ಉಳಿಯುತ್ತವೆ.

ಹೆಚ್ಚಿನ ಬೆಲೆಯನ್ನು ಕೊಡುವ ಮೊದಲು ಮಾರುವವರನ್ನು ಒಂದೇ ಮಾತು ಕೇಳಿ: ‘ನಿಮ್ಮ ತಾಯಿಮೀನು ಯಾವ ವರ್ಷ, ಎಲ್ಲಿಂದ ಬಂದದ್ದು?’ ತಾಯಿಮೀನು ಎಂದರೆ ಮರಿ ಪಡೆಯಲೆಂದು ಇಟ್ಟುಕೊಂಡ ಗಂಡು ಮತ್ತು ಹೆಣ್ಣು ಮೀನುಗಳು. ರಾಷ್ಟ್ರೀಯ ಮೀನುಗಾರಿಕೆ ಅಭಿವೃದ್ಧಿ ಮಂಡಳಿಯು ಕೌಸಲ್ಯಾಗಂಗದಲ್ಲಿ ತಾಯಿಮೀನಿನ ಬ್ಯಾಂಕ್ ನಡೆಸುತ್ತದೆ. ಅಲ್ಲಿಂದ ಮರಿ ತಂದು ಬೆಳೆಸಿದವರ ಬಳಿ ಅದರ ಕಾಗದಪತ್ರ ಇರುತ್ತದೆ. ಕಾಗದವಿಲ್ಲದ ಜಯಂತಿಗೆ ಸಾಮಾನ್ಯ ರೋಹುವಿನ ಬೆಲೆಗಿಂತ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ, ಏಕೆಂದರೆ ಬೆರಳುದ್ದದ ಮರಿಯನ್ನು ಕಣ್ಣಿನಿಂದ ನೋಡಿ ಅದು ಯಾವ ತಳಿಯೆಂದು ನಾನೂ ಹೇಳಲಾರೆ.

ಪ್ರಶ್ನೆ: ಯಾದಗಿರಿ ಜಿಲ್ಲೆಯ ಹುಣಸಗಿ ಭಾಗದಲ್ಲಿ ಕಾಲುವೆ ನೀರನ್ನು ನಂಬಿ ಒಂದು ಸಣ್ಣ ಹ್ಯಾಚರಿ (ಮೀನುಮರಿ ಉತ್ಪಾದಿಸುವ ಕೇಂದ್ರ) ನಡೆಸುತ್ತಿದ್ದೇನೆ. ನಾನೂ ಆಯ್ಕೆ ಮಾಡಿಯೇ ತಳಿ ಮಾಡುತ್ತೇನೆ. ಪ್ರತಿ ವರ್ಷ ನನ್ನ ಕೊಳದ ಅತಿ ದೊಡ್ಡ ಮೀನುಗಳನ್ನೇ ತಾಯಿಮೀನಾಗಿ ಇಟ್ಟುಕೊಳ್ಳುತ್ತೇನೆ. ಆದರೂ ಏಳೆಂಟು ವರ್ಷಗಳಲ್ಲಿ ಮರಿ ಉಳಿಯುವುದು ಕಡಿಮೆಯಾಗಿದೆ, ಬೆನ್ನು ಡೊಂಕಾದ ಮರಿಗಳು ಕಾಣುತ್ತಿವೆ. ಎಲ್ಲಿ ತಪ್ಪಿದೆ?

ಉತ್ತರ: ನೀವು ಆಯ್ಕೆ ಮಾಡಿದ್ದೀರಿ, ಆದರೆ ಸಂಬಂಧವನ್ನು ನೋಡಿಲ್ಲ. ದೊಡ್ಡ ಮೀನುಗಳೆಲ್ಲ ಒಂದೆರಡು ತಾಯಂದಿರ ಮಕ್ಕಳೇ ಆಗಿರುವ ಸಂಭವ ಬಹಳ ಹೆಚ್ಚು. ಒಂದು ಹೆಣ್ಣು ಮೀನಿನ ಒಂದೇ ಸಲದ ಮೊಟ್ಟೆಯಿಂದ ನಿಮ್ಮ ಇಡೀ ಕೊಳ ತುಂಬುತ್ತದೆ. ಮೊದಲ ಮಳೆಗೆ ಮೊಟ್ಟೆಯಿಟ್ಟ ತಾಯಿಯ ಮರಿಗಳು ಹದಿನೈದು ದಿನ ಹಿರಿಯವಾಗಿ, ಮೇವನ್ನು ಮೊದಲು ತಿಂದು, ದೊಡ್ಡದಾಗಿ ಕಾಣುತ್ತವೆ. ಅದು ವಯಸ್ಸಿನ ಲಾಭವೇ ಹೊರತು ತಳಿಯ ಗುಣವಲ್ಲ. ಅವನ್ನೇ ಆರಿಸಿ ಕೂಡಿಸಿದಾಗ ಅಣ್ಣತಂಗಿಯರನ್ನು ಕೂಡಿಸಿದಂತಾಗುತ್ತದೆ. ನಮ್ಮ ಕುರಿಗಾರರು ತಮ್ಮ ಹಿಂಡಿನಲ್ಲೇ ಹುಟ್ಟಿದ ಟಗರನ್ನು ಮಾರಿ, ಬೇರೆ ಊರಿನ ಟಗರನ್ನು ತರುವುದು ಸುಮ್ಮನೆ ಅಲ್ಲ.

ಇದಕ್ಕೆ ಒಂದು ಲೆಕ್ಕವಿದೆ, ದಯವಿಟ್ಟು ಒಮ್ಮೆ ಕಾಗದದ ಮೇಲೆ ಮಾಡಿ ನೋಡಿ. ಮೊಟ್ಟೆ ಬಿಡಿಸಲು ನಿಜವಾಗಿ ಬಳಸಿದ ಗಂಡು ಮತ್ತು ಹೆಣ್ಣುಗಳ ಸಂಖ್ಯೆಯನ್ನು ಗುಣಿಸಿ, ಅದನ್ನು ನಾಲ್ಕರಿಂದ ಗುಣಿಸಿ, ಬಂದುದನ್ನು ಅವುಗಳ ಒಟ್ಟು ಸಂಖ್ಯೆಯಿಂದ ಭಾಗಿಸಿ. 20 ಹೆಣ್ಣು, 5 ಗಂಡು ಬಳಸಿದರೆ ಬರುವ ಉತ್ತರ 16. ಅಂದರೆ ಕೊಳದಲ್ಲಿ 25 ಮೀನುಗಳಿದ್ದರೂ ತಳಿಯ ದೃಷ್ಟಿಯಿಂದ ಇರುವುದು 16 ಮಾತ್ರ. ಆ ಉತ್ತರದ ಎರಡರಷ್ಟನ್ನು ಒಂದಕ್ಕೆ ಛೇದವಾಗಿ ಇಟ್ಟರೆ, ಒಂದೇ ತಲೆಮಾರಿನಲ್ಲಿ ಏರುವ ಒಳಸಂಬಂಧದ ಪ್ರಮಾಣ ಸಿಗುತ್ತದೆ. ಇಲ್ಲಿ ಅದು 32ರಲ್ಲಿ ಒಂದು, ಅಂದರೆ ಶೇ 3ಕ್ಕಿಂತ ಸ್ವಲ್ಪ ಹೆಚ್ಚು. 50 ಹೆಣ್ಣು, 50 ಗಂಡು ಇದ್ದರೆ ಅದು ಶೇ 0.5ಕ್ಕೆ ಇಳಿಯುತ್ತದೆ. ಈ ಹಾನಿ ತಲೆಮಾರಿಗೆ ತಲೆಮಾರು ಕೂಡುತ್ತ ಹೋಗುತ್ತದೆ, ತಾನಾಗಿ ಕಳೆಯುವುದಿಲ್ಲ. 1990ರಲ್ಲಿ ಪ್ರಕಟವಾದ ಒಂದು ಅಧ್ಯಯನವು ನಮ್ಮ ಕರ್ನಾಟಕದ 18 ಹ್ಯಾಚರಿಗಳನ್ನೇ ಪರಿಶೀಲಿಸಿ, ಈ ಏರಿಕೆ ಶೇ 2ರಿಂದ 17ರವರೆಗೆ ಇದೆಯೆಂದು ಕಂಡಿತ್ತು. ಸುಧಾರಿತ ತಳಿಯೊಂದು ಹತ್ತಾರು ವರ್ಷಗಳ ಶ್ರಮದಿಂದ ಗಳಿಸಿದ್ದನ್ನು ಅಜಾಗರೂಕ ಹ್ಯಾಚರಿ ಕೆಲವೇ ತಲೆಮಾರುಗಳಲ್ಲಿ ಕಳೆಯಬಲ್ಲದು ಎಂಬುದು ನನ್ನನ್ನು ಬಹಳ ಚಿಂತೆಗೀಡು ಮಾಡುವ ವಿಷಯ.

ನಿಮ್ಮಲ್ಲಿ ಇಲ್ಲದಿದ್ದರೂ ಬೇರೆ ಕಡೆ ನಾನು ಕಂಡಿರುವ ಇನ್ನೊಂದು ತಪ್ಪನ್ನೂ ಹೇಳಬೇಕು. ದೊಡ್ಡ ಮೀನನ್ನು ಮಾರುಕಟ್ಟೆಗೆ ಕಳಿಸಿ, ಮಾರಾಟವಾಗದೆ ಉಳಿದ ಸಣ್ಣವನ್ನು ತಾಯಿಮೀನಾಗಿ ಇಡುವುದು ನಿಧಾನವಾಗಿ ಬೆಳೆಯುವ ಗುಣವನ್ನೇ ಆರಿಸಿದಂತೆ. ಸಾಮಾನ್ಯ ಗೆಂಡೆಗೆ (ಕಾಮನ್ ಕಾರ್ಪ್ ಮೀನಿಗೆ) ನಮ್ಮ ರಾಜ್ಯದಲ್ಲಿ ಬಂದೊದಗಿದ ಗತಿಯೂ ಬಹುಮಟ್ಟಿಗೆ ಹೀಗೆಯೇ. ಆರು ತಿಂಗಳಿಗೇ ಅದು ಬಸಿರಾಗಿ, ಕೊಳದಲ್ಲೇ ಮರಿ ಹಾಕಿ, ಮೈ ಬೆಳೆಸುವುದನ್ನು ನಿಲ್ಲಿಸುತ್ತಿತ್ತು. ಬೀದರಿನಲ್ಲಿ ಕೇಂದ್ರ ಕಚೇರಿಯುಳ್ಳ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವು ಹೆಸರಘಟ್ಟದ ತನ್ನ ಕೇಂದ್ರದಲ್ಲಿ ಹಂಗೇರಿ ಮೂಲದ ಅಮೂರ್ ಗೆಂಡೆಯನ್ನು ಬೆಳೆಸಿ ಪರೀಕ್ಷಿಸಿತು. ಅದು ತಡವಾಗಿ ಬಸಿರಾಗುತ್ತದೆ, ಆದ್ದರಿಂದ ತಿಂದದ್ದು ಮೊಟ್ಟೆಗೆ ಹೋಗದೆ ಮೈಗೆ ಹತ್ತುತ್ತದೆ. ನಮ್ಮ ಭಾಗದ ಅಲ್ಪಾವಧಿ ಕೊಳಗಳಿಗೆ ಇಂದು ದೊರೆಯುವ ತಳಿಗಳಲ್ಲಿ ನಾನು ಮೊದಲು ಸೂಚಿಸುವುದು ಇದನ್ನೇ.

ಈಗ ನೀವು ಮಾಡಬೇಕಾದುದು. ಇರುವ ತಾಯಿಮೀನುಗಳನ್ನು ಒಂದೇ ಸಲ ತೆಗೆದುಹಾಕಬೇಡಿ. ಹೆಣ್ಣುಗಳನ್ನು ಉಳಿಸಿಕೊಂಡು, ಗಂಡುಗಳನ್ನು ಪೂರ್ತಿ ಬೇರೆ ಮೂಲದಿಂದ ತನ್ನಿ. ಕೌಸಲ್ಯಾಗಂಗದ ಮರಿಯನ್ನು ಇಬ್ಬರು ಮೂವರು ಹ್ಯಾಚರಿಯವರು ಸೇರಿ ತರಿಸಿಕೊಂಡರೆ ಸಾಗಣೆಯ ಖರ್ಚು ಹಂಚಿಹೋಗುತ್ತದೆ, ಆಮೇಲೆ ವರ್ಷಕ್ಕೊಮ್ಮೆ ಗಂಡುಗಳನ್ನು ನಿಮ್ಮ ನಿಮ್ಮಲ್ಲಿ ಬದಲಿಸಿಕೊಳ್ಳಬಹುದು. ಮುಂದಿನ ತಾಯಿಮೀನಿಗಾಗಿ ಮರಿ ಎತ್ತಿಡುವಾಗ ಹಂಗಾಮಿನ ಆರಂಭ, ನಡು, ಕೊನೆ ಈ ಮೂರೂ ಸಲದ ಮರಿಗಳಿಂದ, ಆದಷ್ಟು ಹೆಚ್ಚು ತಾಯಂದಿರಿಂದ, ಸ್ವಲ್ಪ ಸ್ವಲ್ಪವನ್ನು ತೆಗೆದು ಬೇರೆಬೇರೆಯಾಗಿ ಸಾಕಿ. ಒಂದೇ ವಯಸ್ಸಿನವುಗಳ ನಡುವೆ ಮಾತ್ರ ತೂಕ ಹೋಲಿಸಿ. ವೃತ್ತಾಕಾರದ ತೊಟ್ಟಿಯಲ್ಲಿ ಕಾಟ್ಲಾ ಮತ್ತು ರೋಹುವನ್ನು ಒಟ್ಟಿಗೆ ಬಿಟ್ಟು ಮೊಟ್ಟೆ ಬಿಡಿಸುವ ಅಭ್ಯಾಸವಿದ್ದರೆ ಇಂದೇ ನಿಲ್ಲಿಸಿ, ಏಕೆಂದರೆ ಆ ಮಿಶ್ರತಳಿ ಎರಡೂ ಮೂಲಗಳನ್ನು ಕೆಡಿಸುತ್ತದೆ. ಇವೆಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಹ್ಯಾಚರಿಗೆ ಯಾವ ಯಂತ್ರಕ್ಕಿಂತಲೂ ಮೊದಲು ಬೇಕಾದದ್ದು ಆ ಪುಸ್ತಕವೆಂದು ನಾನು ದೃಢವಾಗಿ ನಂಬಿದ್ದೇನೆ.

ತಾಯಿಮೀನಿನ ಮೇವಿನ ಬಗ್ಗೆಯೂ ಒಂದು ಎಚ್ಚರಿಕೆ. ಹತ್ತಿಬೀಜದ ಹಿಂಡಿ ಯಾದಗಿರಿಯಲ್ಲಿ ಸುಲಭವಾಗಿ ಸಿಗುತ್ತದೆ, ಆದರೆ ಅದರಲ್ಲಿರುವ ಗಾಸಿಪಾಲ್ ಎಂಬ ವಿಷಾಂಶ ಸಂತಾನಶಕ್ತಿಗೆ ಮಾರಕ. ತಾಯಿಮೀನಿಗೆ ಶೇಂಗಾ ಹಿಂಡಿ ಮತ್ತು ಅಕ್ಕಿ ತೌಡನ್ನೇ ಕೊಡಿ. ಕಲಬುರಗಿಯ ಬೇಳೆ ಗಿರಣಿಗಳ ತೊಗರಿ ನುಚ್ಚನ್ನು ಬೆಳೆಯುವ ಮೀನಿಗೆ ಬಳಸಬಹುದು, ಬೇಯಿಸಿದ ನಂತರ ಮಾತ್ರ. ಹಸಿ ತೊಗರಿಯಲ್ಲಿ ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಅಂಶವಿದೆ, ಅದು ಬಿಸಿಗೆ ನಾಶವಾಗುತ್ತದೆ.

ಪ್ರಶ್ನೆ: ಅಫಜಲಪುರ ತಾಲ್ಲೂಕಿನಲ್ಲಿ ಭೀಮಾ ನದಿಗೆ ಸಮೀಪ ನಮ್ಮ ಹೊಲವಿದೆ. ಗಿಫ್ಟ್ ತಿಲಾಪಿಯ ಸಾಕಬಹುದೇ?

ಉತ್ತರ: ಗಿಫ್ಟ್, ಅಂದರೆ ಆಯ್ಕೆಯಿಂದ ಸುಧಾರಿಸಿದ ಸಾಕಣೆಯ ತಿಲಾಪಿಯ, ಬಹಳ ಒಳ್ಳೆಯ ತಳಿ. 1988ರಲ್ಲಿ ಫಿಲಿಪೀನ್ಸ್‌ನಲ್ಲಿ ಆರಂಭವಾದ ಆ ಕೆಲಸಕ್ಕೆ ಈಜಿಪ್ಟ್, ಘಾನಾ, ಕೀನ್ಯಾ ಮತ್ತು ಸೆನೆಗಲ್ ದೇಶಗಳ ಕಾಡು ಮೀನುಗಳನ್ನೂ ಏಷ್ಯಾದ ನಾಲ್ಕು ಸಾಕಣೆ ತಳಿಗಳನ್ನೂ ಕೂಡಿಸಿದ್ದರು. ಆದರೂ ನಿಮ್ಮ ಜಾಗದಲ್ಲಿ ನಾನು ಬೇಡವೆನ್ನುತ್ತೇನೆ. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿ ಅಫಜಲಪುರ, ಜೇವರ್ಗಿ ಭಾಗದ ಹೊಲಗಳ ಮೇಲೆ ಹರಿದದ್ದನ್ನು ನೀವೂ ಕಂಡಿದ್ದೀರಿ. ಅಂತಹ ಒಂದೇ ರಾತ್ರಿಯಲ್ಲಿ ಕೊಳದ ಮೀನು ಪೂರ್ತಿ ನದಿ ಸೇರುತ್ತದೆ. 1952ರಲ್ಲಿ ದೇಶಕ್ಕೆ ಬಂದ ಹಳೆಯ ತಿಲಾಪಿಯ ನಮ್ಮ ಕೆರೆ, ಜಲಾಶಯಗಳಲ್ಲಿ ಹರಡಿ ಸ್ಥಳೀಯ ಮೀನುಗಳ ಜಾಗವನ್ನು ಹಿಡಿದದ್ದು ನಮಗೆ ತಿಳಿದೇ ಇದೆ. ಇವು ಬರೀ ಗಂಡುಮರಿಗಳು, ಸಂತಾನ ಹೆಚ್ಚುವುದಿಲ್ಲ ಎಂದು ಮಾರುವವರು ಹೇಳುತ್ತಾರೆ, ಆದರೆ ಅವುಗಳಲ್ಲಿ ಕೆಲವು ಹೆಣ್ಣುಗಳು ಉಳಿದಿರುತ್ತವೆ, ಅಷ್ಟು ಸಾಕು. ಅಲ್ಲದೆ ಇದನ್ನು ಸಾಕಲು ಮೀನುಗಾರಿಕೆ ಇಲಾಖೆಯ ಅನುಮತಿ ಬೇಕು ಮತ್ತು ಪ್ರವಾಹದ ಬಯಲು ಅದಕ್ಕೆ ಯೋಗ್ಯ ಸ್ಥಳವಲ್ಲ. ಆಫ್ರಿಕದ ಕ್ಯಾಟ್‌ಫಿಶ್ ಮರಿಯನ್ನು ಯಾರಾದರೂ ಕೊಡಬಂದರೆ ಅದು ನಿಷೇಧಿತ ಮೀನು ಎಂದು ಹೇಳಿ ಕಳಿಸಿ. ರೋಹು, ಕಾಟ್ಲಾಗಳಿಗೆ ಅಮೂರ್ ಗೆಂಡೆಯನ್ನು ಜೊತೆಮಾಡಿ ಬಿಡಿ, ಅಕ್ಟೋಬರ್ ಕಳೆಯುವ ತನಕ ಕೊಳದ ಏರಿಯ ಸುತ್ತ ಎತ್ತರದ ಬಲೆ ಕಟ್ಟಿ, ನೀರು ಹೊರಹೋಗುವ ಕೊಳವೆಯ ಬಾಯಿಗೂ ಸಣ್ಣ ಕಣ್ಣಿನ ಬಲೆ ಹಾಕಿ.